ನೆತ್ತರಿಗೂ ಲೆಕ್ಕ ಬೇಕು

ನಮ್ಮ ಹಾಡುಗಳಲ್ಲಿ, ಭಾಷಣಗಳಲ್ಲಿ ನೆತ್ತರು ಬಹಳ ಹರಿದಿದೆ. ಹೆಣ್ಣಾಳಿನ ತೊಡೆಯ ಮೇಲೆ ಹರಿಯುವ ನೆತ್ತರು ಮಾತ್ರ ಅಲ್ಲಿಗೆ ಬಂದಿಲ್ಲ. ಅದನ್ನೇ ಬರೆಯೋಕೆ ಕೂತಿದ್ದೇನೆ. ನಾಚಿಕೆಯಾಗೋರು ಪುಟ ತಿರುವಿಕೊಳ್ಳಿ.

ಎರಡು ತಿಂಗಳಿಗೇ ನನ್ನ ಬಸಿರು ಇಳಿದುಹೋಯಿತು. ಐದನೇ ವಾರಕ್ಕೆ ಮುಟ್ಟು ಬಂತು. ಸೊಂಟ ಮುರಿಯುವಂಥ ನೋವು, ಹೆಪ್ಪುಹೆಪ್ಪಾಗಿ ನೆತ್ತರು. ಮೂರು ತಿಂಗಳೂ ಹೀಗೇ. 'ಎಲ್ಲಾರ್ಗೂ ಆಯ್ತದೆ ಕಣವ್ವ, ತಡ್ಕ' ಅಂದಳು ಅವ್ವ. ಅವಳನ್ನು ಹೇಗೆ ಬಯ್ಯಲಿ? ತನ್ನ ಬಸಿರು ಇಳಿದ ಮೂರನೇ ದಿನಕ್ಕೇ ಗೌಡ್ರ ಗದ್ದೆಗೆ ನಾಟಿಗೆ ಹೋದವಳು ಅವಳು. ಹೋಗದಿದ್ದರೆ ಕೂಲಿಯಿಲ್ಲ, ಕೂಲಿಯಿಲ್ಲದೆ ಒಲೆ ಉರಿಯೋದಿಲ್ಲ. ತಡಕೊಳ್ಳೋದನ್ನ ಅವಳಿಗೆ ಹಸಿವು ಕಲಿಸಿತ್ತು.

ಕೇರಿಯಲ್ಲಿ ಒಬ್ಬರು ಗಾಳಿ ಅಂದರು, ಒಬ್ಬರು ದೃಷ್ಟಿ ಅಂದರು. ತುಂಬಿದ ಕೊಡ ಹೊತ್ತಿದ್ದೇ ತಪ್ಪು ಅಂದರು ಇನ್ನೊಬ್ಬರು. ವೈದ್ಯಶಾಸ್ತ್ರ ಹೇಳೋದೇ ಬೇರೆ. ಮೊದಲ ಮೂರು ತಿಂಗಳಲ್ಲಿ ಇಳಿಯುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಏರುಪೇರು ಕಾರಣ. ಅದರಲ್ಲಿ ಹೆಂಗಸಿನ ತಪ್ಪೇನೂ ಇಲ್ಲ. ಆಮೇಲೆ ನಾಲ್ಕರಿಂದ ಆರು ವಾರಕ್ಕೆ ಮುಟ್ಟು ಮರಳುತ್ತದೆ, ಮೊದಲನೆಯದು ಜೋರಾಗಿರಬಹುದು. ತಿಂಗಳು ತಿಂಗಳೂ ಜೋರಾದರೆ ಗರ್ಭಕೋಶದಲ್ಲಿ ಚೂರು ಉಳಿದಿರಬಹುದು, ಸೋಂಕಿರಬಹುದು, ಗಡ್ಡೆಯಿರಬಹುದು. ಸ್ಕ್ಯಾನು, ರಕ್ತಪರೀಕ್ಷೆ ಮಾಡಿಸಲೇಬೇಕು. ಗಂಟೆಗೊಂದು ಬಟ್ಟೆ ನೆನೆಯುತ್ತಲೇ ಹೋದರೆ, ಜ್ವರ ಬಂದರೆ, ಕಣ್ಣು ಕತ್ತಲಿಟ್ಟರೆ ಬೆಳಗಿನ ತನಕ ಕಾಯಬಾರದು.

ನಾನು ಮೊದಲು ಹೋದ ಆಸ್ಪತ್ರೆಯಲ್ಲಿ ಕೇರಿಯ ಹೆಸರು ಕೇಳಿದರು, ಮೇಜಿನ ಆ ಕಡೆಯಿಂದಲೇ ಚೀಟಿ ಬರೆದರು. ಹೊಟ್ಟೆ ಮುಟ್ಟಿ ನೋಡಲಿಲ್ಲ. ಎಷ್ಟು ಬಟ್ಟೆ ನೆಂದವು ಅಂತ ಕೇಳಲಿಲ್ಲ. ಮುಟ್ಟಿಸಿಕೊಳ್ಳದ ಕೇರಿಯವಳು ಮುಟ್ಟಾದರೆ ಎರಡು ಸಲ ದೂರ. ಇನ್ನೊಂದು ಕಡೆ ಹೋಗಿ, ಹಠ ಹಿಡಿದು ಪರೀಕ್ಷೆ ಮಾಡಿಸಿದೆ. 12 ಇರಬೇಕಾದ ಹಿಮೋಗ್ಲೋಬಿನ್ 7 ಇತ್ತು. ಒಳಗೆ ಉಳಿದಿದ್ದ ಚೂರು ತೆಗೆದರು, ಕಬ್ಬಿಣಾಂಶದ ಮಾತ್ರೆ ಕೊಟ್ಟರು.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇರೋದೇ ಕಮ್ಮಿ ನೆತ್ತರು. ಅದೂ ಹೀಗೆ ಹರಿದುಹೋದರೆ?

ಗರ್ಭಿಣಿಗೂ ಬಾಣಂತಿಗೂ ವಿಶ್ರಾಂತಿ ಸಿಗೋದು ದೇಶದ ಹಿತವೆಂದು ಬಾಬಾಸಾಹೇಬರು 1928ರಲ್ಲೇ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ವಾದಿಸಿದರು. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಬಸಿರು ಇಳಿದವಳಿಗೆ ಆರು ವಾರ ಸಂಬಳದ ರಜೆ ಕೊಡಬೇಕೆಂದಿತು. ಕೊಟ್ಟಿದ್ದು ಕಾರ್ಖಾನೆ, ಗಣಿ, ಎಸ್ಟೇಟುಗಳಂಥ ಕಡೆ ದುಡಿಯುವವರಿಗೆ. ಗದ್ದೆ ಕೂಲಿಯವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ಅವಳು ನೆಟ್ಟ ಸಾಲುಗಳನ್ನು ಗದ್ದೆಯ ಯಜಮಾನ ಎಣಿಸುತ್ತಾನೆ. ಅವಳ ನೆಂದ ಬಟ್ಟೆಗಳನ್ನು ಯಾರೂ ಎಣಿಸೋದಿಲ್ಲ.

ಗೆಳೆಯರೇ, ಕೂಲಿ ದರದ ಹೋರಾಟಕ್ಕೆ ಹೊರಟಾಗ ಈ ಆರು ವಾರವನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ. ಮೇಷ್ಟ್ರೇ, ಟೀಚರಮ್ಮಂದಿರೇ, ನಿಮ್ಮ ಶಾಲೆಯ ಹುಡುಗಿಯರಿಗೆ ನೆಂದ ಬಟ್ಟೆ ಎಣಿಸೋದನ್ನ ಹೇಳಿಕೊಡಿ. ಆಸ್ಪತ್ರೆಯಲ್ಲಿ ಆ ಲೆಕ್ಕ ಕೇಳದಿದ್ದರೂ ನಾವೇ ಮೇಜು ಕುಟ್ಟಿ ಹೇಳೋಣ.