ಉಪಕಾರದ ಲೆಕ್ಕ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಎಲ್ಲರೂ ಬಲ್ಲ ಗಾದೆ. ಅಪರಾಧಿಯನ್ನು ಸೆರೆಮನೆಗೆ ನೂಕುವುದಕ್ಕಿಂತ, ಹುಡುಗನಾಗಿರುವಾಗಲೇ ಅವನನ್ನು ತಿದ್ದುವುದು ಮೇಲೆನ್ನುವವರಿಗೆಲ್ಲ ಈ ಗಾದೆಯೇ ಆಧಾರ. ಆದರೆ ಬಗ್ಗಿಸಹೋದ ಕೈಯೇ ಗಿಡವನ್ನು ನೋಯಿಸಿದರೆ?

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಕೇಂಬ್ರಿಜ್, ಸಾಮರ್‌ವಿಲ್ ಎಂಬ ಎರಡು ನೆರೆಯೂರುಗಳಿವೆ. 1939ರಲ್ಲಿ ಅಲ್ಲಿ ಹುಡುಗರನ್ನು ದಾರಿ ತಪ್ಪದಂತೆ ಕಾಯುವ ಕಾರ್ಯವೊಂದು ಮೊದಲಾಯಿತು. ಅದನ್ನು ಯೋಜಿಸಿದ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ಟರು ವೈದ್ಯರು. ಮದ್ದನ್ನು ಪರೀಕ್ಷಿಸದೆ ನಂಬುವವರಲ್ಲ. ವಯಸ್ಸು, ಮನೆತನ, ನಡತೆಗಳಲ್ಲಿ ಒಬ್ಬರನ್ನೊಬ್ಬರು ಹೋಲುವ ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನನ್ನು ಆರಿಸಿಕೊಂಡು ಇನ್ನೊಬ್ಬನನ್ನು ಅವನ ಪಾಡಿಗೆ ಬಿಡಲಾಯಿತು. ಕ್ಯಾಬಟ್ಟರು ಆ ವರ್ಷವೇ ತೀರಿಕೊಂಡರೂ ಕಾರ್ಯ ನಿಲ್ಲಲಿಲ್ಲ. ಕಡೆಗೆ ಲೆಕ್ಕಕ್ಕೆ ಉಳಿದ ಜೋಡಿಗಳು 253. ಆಯ್ಕೆಯಾದವನ ಮನೆಗೆ ಸಲಹೆಗಾರರು ತಿಂಗಳಿಗೆ ಸರಾಸರಿ ಎರಡು ಬಾರಿ ಹೋದರು. ಪಾಠ ಹೇಳಿಸಿದರು, ಕಾಯಿಲೆಗೆ ಔಷಧ ಕೊಡಿಸಿದರು, ಬೇಸಿಗೆಯ ಶಿಬಿರಗಳಿಗೆ ಕಳುಹಿಸಿದರು. 1945ರಲ್ಲಿ ಸೇವೆ ಮುಗಿಯಿತು.

ಮೂವತ್ತು ವರ್ಷಗಳ ಬಳಿಕ ಜೋನ್ ಮೆಕ್‌ಕಾರ್ಡ್ ಎಂಬ ವಿದುಷಿ ಆ ಹುಡುಗರನ್ನು ಹುಡುಕಿಸಿದರು. ಅವರೀಗ ನಡುವಯಸ್ಸಿನವರು. ಉತ್ತರವಿತ್ತವರಲ್ಲಿ ಮೂವರಿಗಿಬ್ಬರಂತೆ, ಆ ಸೇವೆಯಿಂದ ತಮಗೆ ಉಪಕಾರವಾಯಿತೆಂದರು. ವಿಚಾರಣೆ ಅಲ್ಲಿಗೇ ನಿಂತಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು.

ಮೆಕ್‌ಕಾರ್ಡ್ ನಿಲ್ಲಲಿಲ್ಲ. ನ್ಯಾಯಾಲಯ, ಆಸ್ಪತ್ರೆಗಳ ದಾಖಲೆಗಳನ್ನೂ ಮರಣಪತ್ರಗಳನ್ನೂ ತೆಗೆಸಿ ನೋಡಿದರು. 1978ರಲ್ಲಿ ಪ್ರಕಟವಾದ ಫಲ ಎದೆ ನಡುಗಿಸುವಂಥದು. ಉಪಕಾರ ಪಡೆದವರು ಪಡೆಯದವರಿಗಿಂತ ಯಾವುದರಲ್ಲೂ ಮೇಲಾಗಿರಲಿಲ್ಲ. ಒಮ್ಮೆ ತಪ್ಪಿದವರು ಮತ್ತೆ ತಪ್ಪುವುದು, ಕುಡಿತದ ಲಕ್ಷಣಗಳು, ತೀವ್ರ ಮನೋರೋಗ, ಬೇಗನೆ ಬಂದ ಸಾವು, ಇವೆಲ್ಲ ಅವರಲ್ಲಿಯೇ ಹೆಚ್ಚು. ಶಿಬಿರಕ್ಕೆ ಮತ್ತೆಮತ್ತೆ ಹೋದವರಿಗೆ ಕೇಡು ಅಧಿಕವಾಗಿತ್ತೆಂದು ಮುಂದೆ ಕಂಡುಬಂತು. ಪುಂಡ ಹುಡುಗರನ್ನು ಒಂದೆಡೆ ಕೂಡಿಸಿದರೆ ಒಬ್ಬನ ಪೋಕರಿತನವೇ ಇನ್ನೊಬ್ಬನಿಗೆ ಪಾಠವಾದೀತೆಂಬುದು ವಿದ್ವಾಂಸರು ಕೊಟ್ಟ ಒಂದು ಕಾರಣ.

ಹಾಗೆಂದು ಹುಡುಗರನ್ನು ಅವರ ಪಾಡಿಗೆ ಬಿಡಬೇಕೆಂದು ಅರ್ಥವಲ್ಲ. ಸದುದ್ದೇಶವನ್ನು ಸತ್ಫಲವೆಂದು ಎಣಿಸಲಾಗದು, ಕೃತಜ್ಞತೆಯೂ ಸಾಕ್ಷ್ಯವಾಗಲಾರದು. ಉಪಕಾರ ಪಡೆದವನು ಸುಳ್ಳಾಡಲಿಲ್ಲ. ತಾನು ಉಪಕಾರವಿಲ್ಲದೆ ಏನಾಗುತ್ತಿದ್ದೆನೆಂಬುದನ್ನು ಅವನು ಬಲ್ಲವನಲ್ಲ, ಅಷ್ಟೆ. ಅದನ್ನು ಹೇಳಬಲ್ಲವನು ಯಾರೂ ಬಾಗಿಲು ತಟ್ಟದ ಆ ಇನ್ನೊಬ್ಬ ಹುಡುಗನೊಬ್ಬನೇ. ಅವನನ್ನೂ ಲೆಕ್ಕದಲ್ಲಿ ಇರಿಸಿಕೊಂಡದ್ದು ಕ್ಯಾಬಟ್ಟರ ದೊಡ್ಡತನ. ನೀರೆರೆದ ಗಿಡ ಚಿಗುರಿತೋ ಕೊಳೆಯಿತೋ ತಿಳಿಯಲು ಪಕ್ಕದ ಗಿಡವನ್ನೂ ನೋಡಬೇಕು.