ಉಮ್ಮ ನೀರಿಗಿಳಿದ ದಿನ

ಹೊಳೆಯಲ್ಲಿ ತಮ್ಮನನ್ನು ಕಳೆದುಕೊಂಡ ಉಮ್ಮ 40 ವರ್ಷಗಳಿಂದ ನೀರಿಗೆ ಕಾಲಿಟ್ಟವರಲ್ಲ. ಕಳೆದ ರಜೆಯಲ್ಲಿ ಚಿಕ್ಕಮಗಳೂರಿಗೆ ಹೊರಟಾಗ ಅವರನ್ನೂ ಒತ್ತಾಯಿಸಿ ಕರೆದೊಯ್ದೆವು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಗೈಡ್‌ನ ಹಿಂದೆ ನಿಧಾನವಾಗಿ ಹತ್ತಿದೆವು. ಇಳಿದು ಬಂದಾಗ ತೋಟದ ಮನೆಯಲ್ಲಿ ಬಿಸಿ ಕಾಫಿ. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದು ಈ ಬೆಟ್ಟಗಳಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ಗೈಡ್ ಹೇಳಿದ. ಜೊತೆಗೆ ಕೊಟ್ಟ ಚಾಕಲೇಟು ತಿಂದು ಉಮ್ಮ, "ಕೋಕೋ ನಮ್ಮ ಪುತ್ತೂರಿನ ಅಡಿಕೆ ತೋಟದಲ್ಲೂ ಇದೆಯಲ್ಲ!" ಎಂದು ನಕ್ಕರು.

ಸಂಜೆ ಹೆಂಗಸರಿಗೆಂದೇ ಬಿಟ್ಟಿದ್ದ ಈಜುಕೊಳದಿಂದ ನನ್ನ ಮಗಳು ಅಜ್ಜಿಯತ್ತ ಕೈ ಚಾಚಿದಳು. ಉಮ್ಮ ಬಹಳ ಹೊತ್ತು ಮೆಟ್ಟಿಲಲ್ಲೇ ನಿಂತರು. ಬಳಿಕ "ಬಿಸ್ಮಿಲ್ಲಾ" ಎಂದು ಸೊಂಟದವರೆಗೆ ಇಳಿದರು.

"ಇವಳಿಗೆ ಈಜು ಕಲಿಸು. ಅವನಿಗೆ ಯಾರೂ ಕಲಿಸಿರಲಿಲ್ಲ" ಎಂದರು.

ಮಕ್ಕಳಿಗೆ ನಾವು ಕಲಿಸಬೇಕಾದದ್ದು ನೀರಿನ ಭಯವನ್ನಲ್ಲ, ಈಜನ್ನು.