ಹದಿನಾರು ವೋಲ್ಟಿನ ಮರ್ಯಾದೆ

ವಾಲ್ವ್ ಆಂಪ್ಲಿಫಯರ್ ಕೆಟ್ಟಿತು ಅಂದರೆ ಸಾಕು, ಗಿಟಾರ್ ನುಡಿಸುವವರ ಕೈ ಮೊದಲು ಹೋಗುವುದು ವಾಲ್ವಿಗೇ. ಅದು ಸಹಜವೂ ಹೌದು. ಗಾಜಿನ ಬುರುಡೆ ಕೆಂಪಗೆ ಉರಿಯುವುದು ಕಣ್ಣಿಗೆ ಕಾಣುತ್ತದೆ, ಬಿಸಿ ಮುಖಕ್ಕೆ ತಾಗುತ್ತದೆ, ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸುವುದೂ ಸುಲಭ. ಆದರೆ ಸದ್ದು ಬರುತ್ತಿದೆ, ಚಾನೆಲ್ ಮಾತ್ರ ಬದಲಾಗುತ್ತಿಲ್ಲ, ರಿವರ್ಬ್ ಸತ್ತಿದೆ, ಕಾಲಿನ ಸ್ವಿಚ್ ಒತ್ತಿದರೆ ದೀಪ ಮಿಣಮಿಣ ಅಂದು ಸುಮ್ಮನಾಗುತ್ತದೆ. ಇಂಥ ದೂರು ಹೊತ್ತು ಬಂದ ಆಂಪಿನಲ್ಲಿ ವಾಲ್ವುಗಳ ತಪ್ಪು ಬಹುಮಟ್ಟಿಗೆ ಏನೂ ಇರುವುದಿಲ್ಲ.

ಒಂದೇ ಪೆಟ್ಟಿಗೆಯೊಳಗೆ ನಾಲ್ಕು ಬಗೆಯ ವಿದ್ಯುತ್ ಓಡಾಡುತ್ತಿರುತ್ತದೆ. ವಾಲ್ವಿನ ಪ್ಲೇಟಿಗೆ 400 ವೋಲ್ಟಿನ ಆಸುಪಾಸು, ಒಳಗಿನ ಹೀಟರಿಗೆ 6.3 ವೋಲ್ಟ್, ಪವರ್ ವಾಲ್ವಿನ ಗ್ರಿಡ್ಡಿಗೆ ಬಯಾಸ್ ಎಂಬ ಮೈನಸ್ ವೋಲ್ಟೇಜು, ಕೊನೆಗೆ ಐಸಿ ಎಂಬ ಚಿಪ್ಪುಗಳಿಗೆ, ವಿದ್ಯುತ್ತಿನಿಂದಲೇ ಎಳೆದುಕೊಳ್ಳುವ ಸ್ವಿಚ್ಚುಗಳಾದ ರಿಲೇಗಳಿಗೆ ಪ್ಲಸ್-ಮೈನಸ್ 15 ಅಥವಾ 16 ವೋಲ್ಟ್. ಮದುವೆ ಮನೆಯಲ್ಲಿ ಎಲ್ಲರ ಕಣ್ಣೂ ಮಂಟಪದ ಮೇಲಿರುತ್ತದೆ. ಹಿತ್ತಿಲಲ್ಲಿ ಒಲೆಯ ಮುಂದೆ ಬೇಯುತ್ತಿರುವ ಅಡುಗೆಯವರ ನೆನಪಾಗುವುದು ಊಟ ತಡವಾದಾಗಲೇ. ಈ ಹದಿನಾರು ವೋಲ್ಟಿನ ಪಾಡೂ ಅದೇ.

ಹಳೆಯ ಆಂಪುಗಳಿಗೆ ಈ ತಾಪತ್ರಯ ಇರಲಿಲ್ಲ. ಅವುಗಳ ಮೂಲವೇ ರೇಡಿಯೊ. ಲಿಯೊ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ತೆರೆದದ್ದು ರೇಡಿಯೊ ರಿಪೇರಿ ಅಂಗಡಿ. ಗಿಟಾರು, ಆಂಪು ಎಲ್ಲ ಆಮೇಲಿನ ಮಾತು. ರೇಡಿಯೊದಲ್ಲಿ ಕೂರುತ್ತಿದ್ದ ವಾಲ್ವೇ ಆಂಪಿನಲ್ಲೂ ಕೂರುತ್ತಿತ್ತು. ನಮ್ಮ ಜಾಲಹಳ್ಳಿಯ ಬಿಇಎಲ್ 1961ರಲ್ಲಿ ವಾಲ್ವ್ ತಯಾರಿಕೆ ಶುರು ಮಾಡಿತಲ್ಲ, ಅಲ್ಲಿಂದ ಬಂದ ಇಎಲ್84 ವಾಲ್ವನ್ನು ವಿದೇಶದ ಗಿಟಾರ್ ಮಂದಿ ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ. ಇಂಗ್ಲೆಂಡಿನ ಹೆಸರಾಂತ ವೋಕ್ಸ್ ಎಸಿ30 ಆಂಪಿನಲ್ಲಿ ಅದೇ ಜಾತಿಯ ನಾಲ್ಕು ವಾಲ್ವುಗಳಿವೆ. ಬೆಂಗಳೂರಿನಲ್ಲಿ ತಯಾರಾದ ಗಾಜಿನ ಬುರುಡೆಯಿಂದ ದೂರದ ಯಾವುದೋ ಊರಲ್ಲಿ ರಾಕ್ ಸಂಗೀತ ಹೊಮ್ಮುತ್ತಿದೆ ಎಂಬುದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ.

ಮುಂದೆ ಕಾಲಲ್ಲಿ ಒತ್ತಿ ಚಾನೆಲ್ ಬದಲಿಸುವ ಅನುಕೂಲ ಬೇಕಾಯಿತು. ಅದರ ಜೊತೆಗೆ ರಿಲೇಗಳು, ಐಸಿಗಳು ಬಂದವು. 1996ರಲ್ಲಿ ಬಂದ ಫೆಂಡರ್ ಹಾಟ್ ರಾಡ್ ಡಿಲಕ್ಸನ್ನೇ ತೆಗೆದುಕೊಳ್ಳಿ. ಎರಡು 6ಎಲ್6, ಮೂರು 12ಎಎಕ್ಸ್7, 40 ವ್ಯಾಟ್. ಲೋಕದ ತುಂಬ ವೇದಿಕೆಗಳಲ್ಲಿ ಕಾಣುವ ಆಂಪು. ಅದರ ಟಿಎಲ್072 ಐಸಿಗಳಿಗೆ ವಿದ್ಯುತ್ ಒದಗಿಸುವುದು ಬಹಳ ಸರಳ ವ್ಯವಸ್ಥೆ: 470 ಓಮಿನ, 5 ವ್ಯಾಟಿನ ಎರಡು ಬಿಳಿ ಸಿಮೆಂಟ್ ರೆಸಿಸ್ಟರು, 16 ವೋಲ್ಟಿನ ಎರಡು ಝೀನರ್ ಡಯೋಡು. ಹೆಚ್ಚುವರಿ ವೋಲ್ಟನ್ನು ರೆಸಿಸ್ಟರು ನುಂಗುತ್ತದೆ, ಝೀನರು 16ಕ್ಕೆ ಕಟ್ಟಿ ನಿಲ್ಲಿಸುತ್ತದೆ. ನುಂಗಿದ್ದೆಲ್ಲ ಬಿಸಿಯಾಗಿ ಹೊರಬರಲೇಬೇಕು. 470 ಓಮಿನ ಮೇಲೆ 40 ವೋಲ್ಟ್ ಬಿದ್ದರೆ ಸುಮಾರು 85 ಮಿಲಿಆಂಪ್ ಹರಿದು ಮೂರೂವರೆ ವ್ಯಾಟಿನಷ್ಟು ಶಾಖ ಏಳುತ್ತದೆ. ಆಂಪು ಹಾಕಿದಾಗಲೆಲ್ಲ ಬಿಸಿ, ಆರಿಸಿದಾಗಲೆಲ್ಲ ತಂಪು. ಹೀಗೆ ಹಿಗ್ಗಿ ಕುಗ್ಗಿ ಬೆಸುಗೆ ಕೊನೆಗೆ ಬಿರುಕು ಬಿಡುತ್ತದೆ.

ಆ ಬಿರುಕು ನೋಡುವಂಥದ್ದು. ರೆಸಿಸ್ಟರಿನ ಕೆಳಗೆ ಬೋರ್ಡು ಕಂದು ಬಣ್ಣಕ್ಕೆ ತಿರುಗಿರುತ್ತದೆ. ತಿರುವಿ ಹಾಕಿ ಭೂತಗನ್ನಡಿ ಹಿಡಿದರೆ ತಂತಿಯ ತುದಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಾಣುತ್ತದೆ. ಒಣ ಮರದ ಕಡ್ಡಿಯಿಂದ ರೆಸಿಸ್ಟರನ್ನು ಮೆಲ್ಲಗೆ ತಟ್ಟಿದರೆ ರಿಲೇ ಟಕ್ಕೆಂದು ಎಳೆಯುತ್ತದೆ, ರಿವರ್ಬ್ ಒಮ್ಮೆ ಮೊಳಗಿ ಮತ್ತೆ ಮಾಯವಾಗುತ್ತದೆ. ರೋಗ ತಾನಾಗಿಯೇ ಬಾಯಿಬಿಟ್ಟ ಹಾಗೆ.

ಅಲ್ಲಿಗೆ ಹೋಗುವ ಮುಂಚೆ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾವು ಹುಡುಕುತ್ತಿರುವುದು 16 ವೋಲ್ಟಾದರೂ ಪಕ್ಕದಲ್ಲೇ 400 ವೋಲ್ಟ್ ಕೂತಿದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಜೀವ ತೆಗೆಯುವಷ್ಟು ಉಳಿದಿರಬಹುದು. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಇಳಿದಿದೆಯೆಂದು ಮೀಟರಿನಲ್ಲಿ ನೋಡಿದ ಮೇಲೆಯೇ ಬೆಸುಗೆ ಕಡ್ಡಿ ಹಿಡಿಯಬೇಕು. ವಿದ್ಯುತ್ ಇರುವಾಗ ಅಳೆಯುವುದಾದರೆ ಒಂದೇ ಕೈ. ಸ್ಪೀಕರ್ ಬಿಚ್ಚಿ ಆಂಪನ್ನು ಓಡಿಸುವಂತಿಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಈ ಅಭ್ಯಾಸ ಇಲ್ಲದವರು ಬಲ್ಲವರ ಕೈಗೆ ಕೊಡುವುದೇ ಕ್ಷೇಮ.

ಅಳೆದಾಗ ಮೀಟರು ಹೇಳುವುದೆಲ್ಲ ಅರ್ಥವಾಗುವ ಭಾಷೆಯಲ್ಲೇ ಇರುತ್ತದೆ. ಪ್ಲಸ್, ಮೈನಸ್ ಎರಡೂ ಕಡೆ 16 ಇದ್ದರೆ ಈ ಮೂಲೆ ನಿರ್ದೋಷಿ, ಬೇರೆ ಕಡೆ ನೋಡಿ. ಒಂದು ಕಡೆ ಸೊನ್ನೆಯಾದರೆ ಬೆಸುಗೆ ಬಿಟ್ಟಿದೆ, ಇಲ್ಲವೇ ಝೀನರು ಶಾರ್ಟ್ ಆಗಿದೆ. 16ರ ಬದಲು 30, 40 ತೋರಿಸಿದರೆ ಝೀನರು ಕಡಿದುಹೋಗಿದೆ. ಟಿಎಲ್072 ತಡೆಯುವ ಮಿತಿ ಪ್ಲಸ್-ಮೈನಸ್ 18, ಹಾಗಾಗಿ ಐಸಿಗಳ ಮೇಲೂ ಅನುಮಾನ ಇಡಬೇಕು. ವೋಲ್ಟ್ ಸರಿಯಿದ್ದೂ ಗುಂಯ್ ಎನ್ನುವ ಸದ್ದು ಬಿಡದಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು.

ಮದ್ದು ದುಬಾರಿಯಲ್ಲ. ಹಳೆಯ ಬೆಸುಗೆಯನ್ನು ಪೂರ್ತಿ ಹೀರಿ ತೆಗೆದು ಹೊಸದು ಹಾಕಬೇಕು. ರೆಸಿಸ್ಟರನ್ನು ಬೋರ್ಡಿನಿಂದ ಅರ್ಧ ಸೆಂಟಿಮೀಟರ್ ಮೇಲಕ್ಕೆತ್ತಿ ಕೂರಿಸಿದರೆ ಅಡಿಯಲ್ಲಿ ಗಾಳಿ ಆಡುತ್ತದೆ, ರಿಪೇರಿ ಬಾಳುತ್ತದೆ. ಇಷ್ಟಕ್ಕೆ ಬೇಕಾದ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಜೊತೆ ವಾಲ್ವಿನ ಬೆಲೆಯ ಮೂಲೆಗೂ ಸಾಲದಷ್ಟು ದುಡ್ಡಿಗೆ ಸಿಗುತ್ತದೆ.

ಮೊದಲು ಸಪ್ಲೈ ನೋಡು, ಆಮೇಲೆ ಉಳಿದದ್ದು ಎಂಬುದು ರೇಡಿಯೊ ರಿಪೇರಿಯ ಕಾಲದಿಂದ ನಡೆದುಬಂದ ಪಾಠ. ಆಂಪು ಮುನಿಸಿಕೊಂಡಾಗ ಹೊಸ ವಾಲ್ವಿಗೆ ದುಡ್ಡು ಸುರಿಯುವ ಮೊದಲು ಆ ಎರಡು ಕಡೆಯ 16 ವೋಲ್ಟನ್ನು ಅಳೆಯಿರಿ, ಇಲ್ಲವೇ ಬಲ್ಲವರಿಂದ ಅಳೆಸಿರಿ.